ಗಿಡ್ಡ ಹುಲ್ಲಿನ ಕಿರು ರನ್‌ವೇಯಲ್ಲಿ ಇಳಿಯುವಾಗ

ಬ್ರಿಟನ್ನಿನ ಹುಲ್ಲಿನ ರನ್‌ವೇಗಳಲ್ಲಿ ಸೆಸ್ನಾ 172ರಂತಹ ಹಗುರ ವಿಮಾನವನ್ನು ಇಳಿಸುವವರು, ಕೈಪಿಡಿಯಲ್ಲಿನ ಇಳಿಯುವ ದೂರವು ಸಾಮಾನ್ಯವಾಗಿ ಒಣ, ಗಟ್ಟಿ ರನ್‌ವೇಗೆ ಸಂಬಂಧಿಸಿದ್ದೆಂಬುದನ್ನು ಮೊದಲು ಗಮನಿಸಬೇಕು. ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಸಲಹೆಯಂತೆ ಆ ದೂರವನ್ನು ಒಣ ಹುಲ್ಲಿಗೆ 1.15ರಿಂದ, ಒದ್ದೆ ಹುಲ್ಲಿಗೆ 1.35ರಿಂದ ಗುಣಿಸಿ, ಸುರಕ್ಷತೆಗಾಗಿ ಮತ್ತೆ 1.43ರಿಂದ ಗುಣಿಸಬೇಕು. ತೀರಾ ಗಿಡ್ಡಗೆ ಕತ್ತರಿಸಿದ ಹುಲ್ಲು, ನೋಡಲು ಎಷ್ಟೇ ಅಚ್ಚುಕಟ್ಟಾಗಿದ್ದರೂ, ನೆನೆದಾಗ ಬಹಳ ಜಾರುವುದರಿಂದ 1.35ರ ಬದಲು 1.6 ಎಂದೇ ಹಿಡಿಯುವುದು ಕ್ಷೇಮ. ನೆಲ ಮುಟ್ಟುವ ವೇಗ ಶೇ 10ರಷ್ಟು ಹೆಚ್ಚಾದರೂ ಕರಗಿಸಬೇಕಾದ ಚಲನಶಕ್ತಿ ಶೇ 21ರಷ್ಟು ಏರುತ್ತದೆ. ಒದ್ದೆ ಹುಲ್ಲಿನ ಮೇಲೆ ಬ್ರೇಕನ್ನು ನಂಬುವಂತೆಯೂ ಇಲ್ಲ. ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ ಚಕ್ರ ನೆಲಕ್ಕೆ ತಾಗದೆಂದು ಅನಿಸಿದರೆ, ತಡಮಾಡದೆ ಪೂರ್ಣ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹಾಕಿ ಬನ್ನಿ.