ಊರಿಗೆ ವಾಪಸಾಗುವುದು ಹೇಗೆ? ಲಾರಿಯನ್ನು ಕೊನೆಗೆ ಕರೆಸಿ

ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ: "ಯಾವಾಗ ಬಂದ್ಯವ್ವ? ಯಾವಾಗ ಹೊರಡೋದು?" 15 ವರ್ಷ ಈ ಎರಡಕ್ಕೂ ನನ್ನ ಹತ್ತಿರ ಉತ್ತರ ಇತ್ತು. ನಿನ್ನೆ ರಾತ್ರಿ ಬಂದೆ, ಭಾನುವಾರ ಹೊರಡ್ತೀನಿ. ಮೊದಲ ಸಲ "ಹೊರಡಲ್ಲ ಅಜ್ಜಿ, ಇನ್ಮೇಲೆ ಇಲ್ಲೇ" ಅಂದಾಗ ಎದುರಿಗಿದ್ದ ಅಜ್ಜಿಯ ಕಣ್ಣು ನೇರ ನನ್ನ ಕುತ್ತಿಗೆಗೆ ಹೋಯಿತು. ತಾಳಿ ಇದೆಯಾ ಅಂತ. ಮಗಳು ಗಂಟುಮೂಟೆ ಸಮೇತ ತವರಿಗೆ ಬಂದಳು ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಪುಣ್ಯಕ್ಕೆ ಹಿಂದೆಯೇ ಗಂಡ ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದರು.

ಬೆಂಗಳೂರಿನಲ್ಲಿ 6 ವರ್ಷ, ಪುಣೆಯಲ್ಲಿ 9 ವರ್ಷ ಇದ್ದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಆದರು. ಇಬ್ಬರ ಕೆಲಸವೂ ಮನೆಯಿಂದಲೇ ನಡೆಯುತ್ತಿತ್ತು. ಸರಿ, ಹೊರಟೇಬಿಟ್ಟೆವು. ಈಗ ಸ್ನೇಹಿತರು ಫೋನ್ ಮಾಡಿ "ನಾವೂ ಊರಿಗೆ ಹೋಗಬೇಕು ಅಂತಿದ್ದೀವಿ, ನೀವು ಹೇಗೆ ಮಾಡಿದ್ರಿ?" ಅಂತಾರೆ. ನಾವು ಮಾಡಿದ್ದರ ಉಲ್ಟಾ ಮಾಡಿ ಅನ್ನುತ್ತೇನೆ. ನಾವು ಮೊದಲು ಲಾರಿ ತುಂಬಿಸಿ, ಮಿಕ್ಕಿದ್ದನ್ನೆಲ್ಲ ಆಮೇಲೆ ಯೋಚಿಸಿದೆವು.

ಮೊದಲು ಒಂದು ಜುಲೈ ಕಳೆಯಿರಿ

ಊರಿಗೆ ಬರುವ ಆಸೆ ಸಾಮಾನ್ಯವಾಗಿ ದೀಪಾವಳಿಯಲ್ಲಿ ಹುಟ್ಟುತ್ತದೆ. ಹಾಸನಾಂಬೆ ಬಾಗಿಲು ತೆಗೆದಿರುತ್ತದೆ, ನೆಂಟರೆಲ್ಲ ಸೇರಿರುತ್ತಾರೆ, ಬೆಳಿಗ್ಗೆ ತೆಳ್ಳಗೆ ಮಂಜು. ಆ ವಾರದಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ಒಂದು ವರ್ಷ ಮುಂಚೆ, ಜುಲೈನಲ್ಲಿ, ಮೂರು ವಾರ ಬಂದು ಇರಿ. ರಜೆ ಹಾಕಿ ಬರಬೇಡಿ. ಲ್ಯಾಪ್‌ಟಾಪ್ ತಂದು, ದಿನದ ಕೆಲಸ ಮಾಡುತ್ತಾ ಇರಿ.

ಹಾಸನ ಜಿಲ್ಲೆಯ ಒಂದು ಕಡೆ ಮಲೆನಾಡು, ಇನ್ನೊಂದು ಕಡೆ ಬಯಲುಸೀಮೆ. ಜುಲೈನಲ್ಲಿ ಅರಸೀಕೆರೆಯವರು ಮೋಡ ನೋಡುತ್ತಿದ್ದರೆ ಸಕಲೇಶಪುರದವರು ಒಂದು ದಿನ ಬಿಸಿಲು ಬಂದರೆ ಸಾಕಪ್ಪ ಅನ್ನುತ್ತಿರುತ್ತಾರೆ. ನಮ್ಮ ಬೇಲೂರು ತಾಲ್ಲೂಕಿನ ಒಳಗೇ ಈ ವ್ಯತ್ಯಾಸ ಇದೆ. ಹಳೇಬೀಡಿನ ಕಡೆ ಒಣಹವೆ, ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ ತೋಟ ಮತ್ತು ಜಡಿಮಳೆ. ಹಾಗಾಗಿ "ಹಾಸನ ಕಡೆ ಹವೆ ಚೆನ್ನಾಗಿದೆ" ಅನ್ನುವ ಮಾತನ್ನು ನಂಬಬೇಡಿ. ನೀವು ಇರುವ ಬೀದಿಯ ಹವೆ ಹೇಗಿದೆ ಅಂತ ನೋಡಿ.

ಮೊದಲ ಮಳೆಗಾಲ ನಮಗೆ ಪಾಠ ಶುರು ಮಾಡಿದ್ದು ಬೆಲ್ಟಿನಿಂದ. ಬೀರುವಿನಲ್ಲಿ ನೇತುಹಾಕಿದ್ದ ಗಂಡನ ಕಪ್ಪು ಬೆಲ್ಟು ಹತ್ತೇ ದಿನಕ್ಕೆ ಬೂದು ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಕೈಗೆ ಪುಡಿಪುಡಿ ಬೂಷ್ಟು. ಶೂ, ಪುಸ್ತಕದ ಬೆನ್ನು, ಮದುವೆ ಆಲ್ಬಂ ಎಲ್ಲಕ್ಕೂ ಅದೇ ಗತಿ. ವಾಷಿಂಗ್ ಮೆಷಿನ್ ಬಟ್ಟೆ ಒಗೆಯುತ್ತದೆ, ಒಣಗಿಸುವವರು ಯಾರು? ಅಮ್ಮ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ನನ್ನ ಮಗಳ ಸ್ಕೂಲ್ ಯೂನಿಫಾರ್ಮ್ ಹರವಿದರು. ಒಂದು ವಾರ ಅವಳು ಹೊಗೆ ವಾಸನೆ ಹೊತ್ತೇ ಸ್ಕೂಲಿಗೆ ಹೋದಳು. ಯಾರೂ ಏನೂ ಅನ್ನಲಿಲ್ಲ. ತರಗತಿಯಲ್ಲಿ ಅರ್ಧ ಮಕ್ಕಳದ್ದೂ ಅದೇ ವಾಸನೆ.

ಮನೆಯಿಂದ ಕೆಲಸ ಮಾಡುವವರು ಆ ಮೂರು ವಾರದಲ್ಲಿ ಒಂದು ಲೆಕ್ಕ ಬರೆದಿಡಿ: ಕರೆಂಟ್ ದಿನಕ್ಕೆ ಎಷ್ಟು ಸಲ ಹೋಯಿತು, ಎಷ್ಟು ಹೊತ್ತು ಬರಲಿಲ್ಲ. ಗಾಳಿಗೆ ಮರದ ಕೊಂಬೆ ತಂತಿ ಮೇಲೆ ಬಿದ್ದರೆ ಲೈನ್‌ಮನ್ ಬಂದು ಕಡಿಯುವವರೆಗೂ ಕಾಯಲೇಬೇಕು. 1912 ನಂಬರಿಗೆ ದೂರು ಕೊಡಬಹುದು. ಏರಿಯಾದ ಲೈನ್‌ಮನ್ ನಂಬರ್ ಫೋನಿನಲ್ಲಿದ್ದರೆ ಇನ್ನೂ ಒಳ್ಳೆಯದು. ಇನ್ವರ್ಟರ್ ಬೇಕೇ ಬೇಕು. ವೈಫೈ ರೂಟರಿಗೆ ಪ್ರತ್ಯೇಕವಾಗಿ ಒಂದು ಪುಟ್ಟ ಯುಪಿಎಸ್ ಇಡಿ. ಇಂಟರ್ನೆಟ್ ಎರಡು ಬೇರೆ ಬೇರೆ ಕಂಪನಿಯದ್ದಿರಲಿ. ಒಂದು ಫೈಬರ್ ಲೈನು, ಇನ್ನೊಂದು ಮೊಬೈಲ್ ಸಿಮ್. ಸಿಮ್ ಕೊಳ್ಳುವ ಮೊದಲು ಮನೆಯ ಹಿಂದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಸಿಗ್ನಲ್ ನೋಡಿ. ನಮ್ಮಲ್ಲಿ ಅದು ಜಗಲಿಯಲ್ಲಿ ಮಾತ್ರ ಸಿಗುತ್ತಿತ್ತು. ಗಂಡ ಒಂದು ತಿಂಗಳು ಜಗಲಿ ಮೇಲೆ ಕೂತು ಮೀಟಿಂಗ್ ಮಾಡಿದರು. ಹಾದುಹೋಗುವವರೆಲ್ಲ ನಿಂತು ಕೇಳಿಸಿಕೊಂಡು ಹೋಗುತ್ತಿದ್ದರು.

ಆಮೇಲೆ ಪಹಣಿ

ಇದು ದೊಡ್ಡ ಕೆಲಸ. ಊರಿಗೆ ಬಂದ ಮೇಲೆ ಮಾಡೋಣ ಅಂತ ಬಿಟ್ಟರೆ ಕೆಟ್ಟಿರಿ. ದೂರದಲ್ಲಿ ಕೂತೇ ಶುರು ಮಾಡಬಹುದು, ಯಾಕೆಂದರೆ ಜಮೀನಿನ ದಾಖಲೆಯಾದ ಪಹಣಿ ಸರ್ಕಾರದ 'ಭೂಮಿ' ಜಾಲತಾಣದಲ್ಲೇ ಕಾಣುತ್ತದೆ. ತೆರೆದು ಎರಡು ಕಾಲಂ ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು. 11ನೇ ಕಾಲಂನಲ್ಲಿ ಸಾಲ ಅಥವಾ ತಕರಾರು ಇದ್ದರೆ ಅದು.

ನಮ್ಮ ಎರಡು ಎಕರೆಯ 9ನೇ ಕಾಲಂನಲ್ಲಿ ಇದ್ದಿದ್ದು ತಾತನ ಹೆಸರು. ಅವರು ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಅಪ್ಪ "ಮಾಡ್ಸೋಣ, ಮಾಡ್ಸೋಣ" ಅಂತಲೇ ಕಾಲ ಕಳೆದಿದ್ದರು. ಹೀಗಿದ್ದರೆ ಮಾಡಿಸಬೇಕಾದ್ದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ. ಅದಕ್ಕೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಆಮೇಲೆ ತಕರಾರು ಇದ್ದವರು ಹೇಳಲಿ ಅಂತ ನೋಟಿಸ್ ಅವಧಿ. ಹೇಳುವಾಗ ನಾಲ್ಕೇ ಸಾಲು.

ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ. ಪಹಣಿಯಲ್ಲಿ ತಾತನ ಹೆಸರಿನ ಕೊನೆಗೆ 'ಗೌಡ' ಅಂತಿತ್ತು, ಮರಣ ಪತ್ರದಲ್ಲಿ 'ಅಪ್ಪ' ಅಂತಿತ್ತು. ಇಬ್ಬರೂ ಒಬ್ಬರೇ ಅಂತ ತೋರಿಸಬೇಕು. ಒಂದು ಕಚೇರಿಯಿಂದ ನಾಲ್ಕು ಸಲ ವಾಪಸ್ ಬಂದೆ. ಒಂದು ಸಲ ಅಫಿಡವಿಟ್ ಇಲ್ಲ, ಒಂದು ಸಲ ಸಾಹೇಬ್ರು ಮೀಟಿಂಗು, ಒಂದು ಸಲ ಸರ್ವರ್ ಇಲ್ಲ, ನಾಲ್ಕನೇ ಸಲ ಕಾರಣವನ್ನೂ ಹೇಳಲಿಲ್ಲ. ಆದ್ದರಿಂದ ಈಗಲೇ ಎಲ್ಲ ಕಾಗದದ ಹೆಸರುಗಳನ್ನು ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಳ್ಳಿ. ಇನಿಷಿಯಲ್ಲು, 'ಅಮ್ಮ', 'ಅಪ್ಪ', ಹಳ್ಳಿಯ ಹೆಸರಿನ ಕಾಗುಣಿತ ಎಲ್ಲ.

ಇನ್ನೊಂದು ಮಾತು. ವಂಶವೃಕ್ಷದಲ್ಲಿ ಅತ್ತೆಯಂದಿರ (ಅಪ್ಪನ ಅಕ್ಕತಂಗಿಯರ) ಹೆಸರೂ ಬರುತ್ತದೆ, ಬರಲೇಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಾದಾಗಿನಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ನನ್ನ ಅತ್ತೆಗೆ ಫೋನಿನಲ್ಲಿ ಈ ವಿಷಯ ಎತ್ತಿದಾಗ ಅವರು ಸುಮ್ನಾಗಿಬಿಟ್ಟರು. ಮುಂದಿನ ಶನಿವಾರ ಬಸ್ ಹತ್ತಿ ಹೋದೆ. ಕಾಫಿ ಕೊಟ್ಟು ಹೇಳಿದರು: "ನಂಗೆ ಜಮೀನು ಬೇಡ ಕಣೇ. ಆದ್ರೆ ಕೇಳ್ದೇ ಮಾಡ್ಬೇಡಿ." ಅಷ್ಟೇ. ಇಂಥ ಮಾತನ್ನು ಫೋನಿನಲ್ಲಿ ಆಡಬೇಡಿ. ಪಾಲು ಬೇಡ ಅನ್ನುವವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡಬೇಕು. ಬಾಯಿಮಾತು ಸಾಲದು. ಬೇಕು ಅನ್ನುವವರಿಗೆ ಕೊಟ್ಟುಬಿಡಿ. ಊರಿಗೆ ಬಂದ ಮೇಲೆ ಜಗಳ ಇಟ್ಟುಕೊಂಡು ಇರಲು ಆಗುವುದಿಲ್ಲ.

ಪಕ್ಕದವರ ಬೇಲಿ ನಿಮ್ಮ ಜಮೀನಿನೊಳಗೆ ಬಂದಂತೆ ಕಂಡರೆ ಬಾಯಿ ಮಾಡಬೇಡಿ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೆಯವರು ಬಂದು ಅಳೆಯಲಿ. ಮನೆಯ ಕಾಗದ ಬೇರೆ. ಪಟ್ಟಣದಲ್ಲಾದರೆ ಪುರಸಭೆಯ ಇ-ಖಾತೆ, ಹಳ್ಳಿಯಲ್ಲಾದರೆ ಪಂಚಾಯಿತಿಯ ಇ-ಸ್ವತ್ತು.

"ಬಂದು ಕಾಫಿ ಮಾಡ್ತೀವಿ, ಮೆಣಸು ಮಾಡ್ತೀವಿ" ಅನ್ನುವವರಿಗೆ ಒಂದೇ ಸಲಹೆ: ಮೊದಲ ವರ್ಷ ಏನೂ ಮಾಡಬೇಡಿ. ಮಾರ್ಚ್, ಏಪ್ರಿಲ್‌ನ ಹೂಮಳೆಯಿಂದ ಹಣ್ಣು ಕುಯ್ಯುವವರೆಗೆ ಒಂದು ಸುತ್ತು ಸುಮ್ನೆ ನೋಡಿ. ಅರೇಹಳ್ಳಿ ಕಡೆಯ ನನ್ನ ಚಿಕ್ಕಪ್ಪ ಬೆಳಿಗ್ಗೆ ಎದ್ದು ಮೊದಲು ವಾಟ್ಸಾಪ್ ನೋಡುತ್ತಾರೆ, ಇವತ್ತು ಆನೆ ಯಾವ ತೋಟದಲ್ಲಿದೆ ಅಂತ. ಅದು ತಿಳಿದ ಮೇಲೇ ಆಳುಗಳಿಗೆ ಫೋನು. ಇದನ್ನು ಯಾವ ಎಕ್ಸೆಲ್ ಶೀಟಿನಲ್ಲಿ ಹಾಕುತ್ತೀರಿ?

ಡಾಕ್ಟರ್ ಎಷ್ಟು ದೂರ?

ಸಣ್ಣಪುಟ್ಟದಕ್ಕೆ ಊರಲ್ಲೇ ಆಸ್ಪತ್ರೆ ಇದೆ. ಅದಕ್ಕಿಂತ ಜಾಸ್ತಿಯಾದರೆ ಹಾಸನ, ಅಂದರೆ ಬೇಲೂರಿನಿಂದ ಸುಮಾರು 40 ಕಿಲೋಮೀಟರ್. ಅಲ್ಲಿ 2006ರಲ್ಲಿ ಶುರುವಾದ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಇನ್ನೂ ದೊಡ್ಡದಾದರೆ ಬೆಂಗಳೂರು ಅಥವಾ ಮಂಗಳೂರು. ಮಳೆಗಾಲದಲ್ಲಿ ಮಂಗಳೂರನ್ನು ನಂಬಿಕೊಳ್ಳಬೇಡಿ. ಸಕಲೇಶಪುರದ ದೋಣಿಗಲ್ ಹತ್ತಿರ ಗುಡ್ಡ ಕುಸಿದು ರಸ್ತೆ ಬಂದ್ ಆಗಿದ್ದು ಒಂದೆರಡು ಸಲ ಅಲ್ಲ.

ಆರೋಗ್ಯ ವಿಮೆ ಇದ್ದರೆ ಹಾಸನದ ಯಾವ ಆಸ್ಪತ್ರೆಯಲ್ಲಿ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ ಅಂತ ಪಟ್ಟಿ ತೆಗೆದು ನೋಡಿ. ಪುಣೆಯಲ್ಲಿ ನಮ್ಮ ಪಾಲಿಸಿಗೆ ಮನೆ ಸುತ್ತ ಹತ್ತಾರು ಆಸ್ಪತ್ರೆ ಇದ್ದವು. ಇಲ್ಲಿ ಪಟ್ಟಿ ನೋಡಲು ಅರ್ಧ ನಿಮಿಷ ಸಾಕಾಯಿತು.

ವಿಳಾಸ ಬದಲಾಯಿಸುವ ಸರಪಳಿ

ಮೊದಲು ಆಧಾರ್. ಅದು ಆದರೆ ಮಿಕ್ಕಿದ್ದು ಸುಲಭ. ತೊಡಕು ಎಲ್ಲಿ ಅಂದರೆ, ಅಮ್ಮನ ಮನೆಯಲ್ಲಿ ಇರುವವರಿಗೆ ತಮ್ಮ ಹೆಸರಿನಲ್ಲಿ ಕರೆಂಟ್ ಬಿಲ್ಲೂ ಇರುವುದಿಲ್ಲ, ಬಾಡಿಗೆ ಕರಾರೂ ಇರುವುದಿಲ್ಲ. ಇದಕ್ಕೆ 2023ರಿಂದ ಒಂದು ದಾರಿ ಇದೆ. ಮನೆಯ ಹಿರಿಯರ ಆಧಾರ್ ನಂಬರ್ ಕೊಟ್ಟು ಅರ್ಜಿ ಹಾಕಬಹುದು. ಅವರು 30 ದಿನದೊಳಗೆ ತಮ್ಮ ಆಧಾರ್ ಖಾತೆಗೆ ಹೋಗಿ ಒಪ್ಪಿಗೆ ಕೊಡಬೇಕು. ಅದಕ್ಕೆ ಒಟಿಪಿ ಬರುವುದು ಅವರ ಫೋನಿಗೆ. ನಮ್ಮಮ್ಮನ ಆಧಾರ್‌ಗೆ ಸೇರಿಸಿದ್ದು ಅಪ್ಪನ ಹಳೇ ನಂಬರ್. ಆ ಸಿಮ್ ಸತ್ತು ಎರಡು ವರ್ಷವಾಗಿತ್ತು. ಮೊದಲು ಅಮ್ಮನ ನಂಬರ್ ಸರಿಮಾಡಿಸಿ.

ವೋಟರ್ ಕಾರ್ಡಿಗೆ ನಮೂನೆ 8, ಬೇರೆ ಕ್ಷೇತ್ರದಿಂದ ಬಂದರೂ ಅದೇ. ಗ್ಯಾಸಿಗೆ ಹಳೇ ಏಜೆನ್ಸಿಯಲ್ಲಿ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಡಿಪಾಸಿಟ್ ವಾಪಸ್ ತಗೊಂಡು, ಅವರು ಕೊಡುವ ವೋಚರ್ ತರಬೇಕು. ಇಲ್ಲಿ ಹೊಸದಾಗಿ ಡಿಪಾಸಿಟ್ ಕಟ್ಟುವುದು. ಬ್ಯಾಂಕಿನದು ಫೋನಿನಲ್ಲೇ ಮುಗಿಯುತ್ತದೆ.

ಹೊರರಾಜ್ಯದ ಗಾಡಿ ಇದ್ದರೆ ಮಾತ್ರ ಸ್ವಲ್ಪ ಓಡಾಟ. ಹಳೇ ಆರ್‌ಟಿಒದಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಇನ್ನೊಂದು ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಲೇಬೇಕು, ಇಲ್ಲಿನ ತೆರಿಗೆ ಕಟ್ಟಲೇಬೇಕು. ಎನ್‌ಒಸಿ ಕೈಗೆ ಬರದೆ ಪುಣೆ ಬಿಡಬಾರದಿತ್ತು. ಬಿಟ್ಟೆವು. ಆ ಒಂದು ಹಾಳೆಗೆ ಗಂಡ ಮತ್ತೆ ಅಲ್ಲಿಗೆ ಹೋಗಿಬಂದರು.

ಸ್ಕೂಲು

ಟಿಸಿ ಮೂಲಪ್ರತಿ ತನ್ನಿ. ಇಲ್ಲಿ ಸ್ಕೂಲುಗಳು ಮೇ ಕೊನೆಯಲ್ಲಿ ಶುರುವಾಗುತ್ತವೆ, ಹೊರಗಿನ ಕೆಲವು ಕಡೆ ಏಪ್ರಿಲ್‌ನಲ್ಲೇ ಶುರು. ಆ ಅಂತರ ನೋಡಿಕೊಂಡು ಹೊರಡಿ. ಕಷ್ಟವಾಗುವುದು ಕನ್ನಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಸ್ಕೂಲುಗಳಲ್ಲಿ ಕನ್ನಡ ಓದಲೇಬೇಕು. ನನ್ನ ಮಗಳು ಕನ್ನಡದಲ್ಲಿ ಚೆನ್ನಾಗಿ ಜಗಳ ಆಡುತ್ತಾಳೆ, ಓದಲು ಬರುತ್ತಿರಲಿಲ್ಲ. ಐದನೇ ಕ್ಲಾಸಿನವಳು ಒತ್ತಕ್ಷರದ ಮುಂದೆ ಅಳುತ್ತಾ ಕೂರುತ್ತಿದ್ದಳು. ಹೊರಡುವ ಆರು ತಿಂಗಳ ಮುಂಚೆಯೇ ಕಾಗುಣಿತ ಹಿಡಿಸಿ. ಅಜ್ಜಿ ವೀಡಿಯೋ ಕಾಲ್‌ನಲ್ಲಿ ಕಲಿಸಲಿ, ಅವರಿಗೂ ಕೆಲಸ ಸಿಕ್ಕಂತಾಯಿತು.

ಈಗ ಲಾರಿ

ಸಾಮಾನು ಅರ್ಧ ಮಾರಿ ಬನ್ನಿ. ನಮ್ಮ ಮೂರು ಸೀಟಿನ ಸೋಫಾ ಹಳೇ ಮನೆಯ ಬಾಗಿಲಲ್ಲಿ ನುಗ್ಗಲಿಲ್ಲ. ಎರಡು ದಿನ ಜಗಲಿಯಲ್ಲಿತ್ತು, ಬೀದಿ ನಾಯಿಗಳಿಗೆ ಬಹಳ ಇಷ್ಟವಾಯಿತು.

ಅಡುಗೆಮನೆಯ ವಿಷಯ ಯಾರೂ ಹೇಳಿಕೊಡುವುದಿಲ್ಲ. ಅಮ್ಮನ ಅಡುಗೆಮನೆ ಅಮ್ಮನದೇ. ನಾನು ಬಂದ ಮೂರನೇ ದಿನ ಡಬ್ಬಿಗಳನ್ನೆಲ್ಲ ಒಪ್ಪವಾಗಿ ಜೋಡಿಸಿ ಹೆಸರಿನ ಚೀಟಿ ಅಂಟಿಸಿದೆ. ಅಮ್ಮ ಏನೂ ಅನ್ನಲಿಲ್ಲ. ಸಂಜೆ ನೋಡಿದರೆ ಎಲ್ಲ ಡಬ್ಬಿ ಹಳೇ ಜಾಗದಲ್ಲಿದ್ದವು, ಚೀಟಿ ಗೋಡೆ ಕಡೆಗೆ ತಿರುಗಿದ್ದವು. ಸಾಧ್ಯವಿದ್ದರೆ ಮೊದಲ ವರ್ಷ ಅದೇ ಬೀದಿಯಲ್ಲಿ ಬಾಡಿಗೆ ಮನೆ ಮಾಡಿ ಅನ್ನುವುದು ನನ್ನ ಅಭಿಪ್ರಾಯ. ಊರವರು ಆಡಿಕೊಳ್ಳುತ್ತಾರೆ. ನೀವು ಏನು ಮಾಡಿದರೂ ಆಡಿಕೊಳ್ಳುತ್ತಾರೆ.

ಬೆಂಗಳೂರಿನ ಕೆಲಸದ ಓಡಾಟ ಮೊದಲಿನಷ್ಟು ಕಷ್ಟವಿಲ್ಲ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ 2017ರಲ್ಲಿ ನೇರ ರೈಲು ಮಾರ್ಗ ಬಂತು. ಬೇಲೂರಿಗೆ ಮಾತ್ರ ಇನ್ನೂ ರೈಲಿಲ್ಲ, ಹಾಸನದವರೆಗೆ ಬಸ್ಸೇ ಗತಿ.

ಬಂದ ಮೇಲೆ

ಮೊದಲ ವರ್ಷ ಯಾವ ಸಂಘಕ್ಕೂ ಪದಾಧಿಕಾರಿ ಆಗಬೇಡಿ. "ಪುಣೆಯಲ್ಲಿ ಹೀಗಿರಲಿಲ್ಲ" ಅನ್ನುವ ಮಾತು ನಾಲಿಗೆ ತುದಿಗೆ ಬಂದರೆ ನುಂಗಿಕೊಳ್ಳಿ. ಸಾವಿಗೆ ತಪ್ಪದೆ ಹೋಗಿ. ಮದುವೆಗೆ ಊಟದ ಹೊತ್ತಿಗೆ ಹೋಗಬೇಡಿ, ಹಿಂದಿನ ಸಂಜೆ ತರಕಾರಿ ಹೆಚ್ಚುವಾಗ ಹೋಗಿ. ಈಳಿಗೆಮಣೆ ನಿಮ್ಮದೇ ಒಯ್ಯಿರಿ, ಅಲ್ಲಿ ಎಷ್ಟಿದ್ದರೂ ಸಾಲುವುದಿಲ್ಲ.

ನಾನು ಮೊದಲ ಸಲ ಹೋದಾಗ ಸಿಹಿಗುಂಬಳ ನನ್ನ ಪಾಲಿಗೆ ಬಂತು. ಸುತ್ತ ಹತ್ತು ಹದಿನೈದು ಹೆಂಗಸರು, ಯಾರ ಸೊಸೆ ಯಾರ ಮಗಳು ಅಂತ ಮಾತು ನಡೆದಿತ್ತು. ಪಕ್ಕದ ಮನೆ ದೊಡ್ಡಮ್ಮ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, "ಹೋಳು ಇಷ್ಟು ದಪ್ಪ ಮಾಡಿದ್ರೆ ನಾಳೆ ಮಧ್ಯಾಹ್ನಕ್ಕೂ ಬೇಯಲ್ಲ. ಇದು ಬಿಡು, ನೀನು ಬೆಳ್ಳುಳ್ಳಿ ಸುಲಿ" ಅಂದರು.