ಮುಂಗೋಪಿ ಪಿಚರ್ ಕೈಗೆ ಚೆಂಡು ನಿಧಾನವಾಗಿ ಸೇರಬೇಕು

ಬೇ ಏರಿಯಾದಲ್ಲಿ ಮಕ್ಕಳ ಬೇಸ್‌ಬಾಲ್ ಟೀಮ್ ನಡೆಸುವ ನಮ್ಮ ಕನ್ನಡದ ಅಪ್ಪಂದಿರು ಈಗ ಸಾಕಷ್ಟು ಜನ ಇದ್ದಾರೆ. ಹೆಚ್ಚಿನವರು ಕ್ರಿಕೆಟ್ ಆಡಿ ಬೆಳೆದವರು, ಬೇಸ್‌ಬಾಲ್ ಕಲಿತದ್ದು ಮಕ್ಕಳ ಜೊತೆಯಲ್ಲೇ. ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ಗ್ರಿಪ್, ಪಿಚ್ ಕೌಂಟ್, ಸ್ಕೋರ್ ಬುಕ್ ಎಲ್ಲ ನಿಮಗೆ ಗೊತ್ತೇ ಇದೆ. ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಹನ್ನೆರಡು ವರ್ಷದ ಎಡಗೈ ಹುಡುಗ. 46 ಅಡಿ ದೂರದಿಂದ ಗಂಟೆಗೆ 62-63 ಮೈಲಿ ವೇಗ. ಮೇಜರ್ ಲೀಗಿನ 60 ಅಡಿ 6 ಇಂಚಿಗೆ ಲೆಕ್ಕ ಹಾಕಿದರೆ ಬ್ಯಾಟರ್‌ಗೆ ಸಿಗುವ ಸಮಯ 82 ಮೈಲಿ ಚೆಂಡಿನಷ್ಟೇ. ಅಂಥ ಕೈ ನಮ್ಮ ಲೀಗಿನಲ್ಲಿ ಇನ್ನೊಂದಿರಲಿಲ್ಲ. ಆದರೂ ಡ್ರಾಫ್ಟ್‌ನಲ್ಲಿ, ಅಂದರೆ ಕೋಚ್‌ಗಳು ಸರದಿಯಂತೆ ಮಕ್ಕಳನ್ನು ಆರಿಸುವಾಗ, ಬೇರೆ ಕೋಚ್‌ಗಳು ಅವನನ್ನು ಬಿಟ್ಟರು. "ಆ ಹುಡುಗ ಬೇಡ, ಟೀಮ್ ಹಾಳು ಮಾಡ್ತಾನೆ" ಅಂತ ನನಗೂ ಹೇಳಿದರು. ನಾನು ತೆಗೆದುಕೊಂಡೆ. ಆ ಕೈ ಏನು ಅಂತ ನನಗೆ ಗೊತ್ತಿತ್ತು.

ಕೋಪ ಮಾತ್ರ ಹೇಳಿದ್ದಕ್ಕಿಂತ ಜಾಸ್ತಿಯೇ ಇತ್ತು. ಯಾರಾದರೂ ಸುಲಭದ ಗ್ರೌಂಡರ್ (ನೆಲದಲ್ಲಿ ಉರುಳಿ ಬರುವ ಚೆಂಡು) ಬಿಟ್ಟರೆ ಗ್ಲೌಸು ನೆಲಕ್ಕೆ ಬೀಳುತ್ತಿತ್ತು. ಒಮ್ಮೆ ಬ್ಯಾಟನ್ನು ಟೀಮ್ ಕೂರುವ ಡಗ್‌ಔಟ್‌ನ ಕಂಬಕ್ಕೆ ಬಡಿದ. 350 ಡಾಲರಿನ ಬ್ಯಾಟ್, ಬಿರುಕು ಬಿಟ್ಟಿತು. ಇನ್ನೊಮ್ಮೆ ಅಂಪೈರ್‌ಗೆ ಬಾಯಿ ಕೊಟ್ಟು ಹೊರಗೆ ಹೋದ. ನಾವು ಆಡುವ ಮಕ್ಕಳ ಲೀಗ್, ಲಿಟ್ಲ್ ಲೀಗ್‌ನ ನಿಯಮ ಗೊತ್ತಲ್ವಾ, ಹೊರಗೆ ಹಾಕಿಸಿಕೊಂಡವನಿಗೆ ಮುಂದಿನ ಆಟವೂ ಇಲ್ಲ. ಆ ಎರಡೂ ಆಟ ಸೋತೆವು.

ದುಡ್ಡು ಸುರಿದದ್ದಕ್ಕೆ ಲೆಕ್ಕವಿಲ್ಲ. ಅವನ ಅಪ್ಪ ಅಮ್ಮ ಅರ್ಧ ಗಂಟೆಗೆ 70 ಡಾಲರಿನಂತೆ ಪ್ರೈವೇಟ್ ಪಿಚಿಂಗ್ ಪಾಠ ಕೊಡಿಸಿದ್ದರು. ಎರಡು ಸಾವಿರ ದಾಟಿರಬೇಕು. ತೋಳು ಚೆನ್ನಾಯಿತು, ತಲೆ ಹಾಗೇ ಉಳಿಯಿತು. ಆಮೇಲೆ ಮನಸ್ಸಿನ ತರಬೇತಿಗೆಂದು ಆನ್‌ಲೈನ್‌ನಲ್ಲಿ ಒಬ್ಬರು, ಗಂಟೆಗೆ 120. ಕಣ್ಣು ಮುಚ್ಚಿ ಉಸಿರು ಎಣಿಸು ಅಂದರು. ಮನೆಯ ಸೋಫಾದ ಮೇಲೆ ಎಣಿಸಿದ. ಮೂರೂ ಬೇಸ್‌ನಲ್ಲಿ ಎದುರಾಳಿ ಓಟಗಾರರು ನಿಂತಿರುವಾಗ ಯಾರು ಎಣಿಸುತ್ತಾರೆ? ನನ್ನ ಅಸಿಸ್ಟೆಂಟ್ ಕೋಚ್ ಕೋಪ ಬಂದ ಕೂಡಲೇ ಬೆಂಚಿಗೆ ಕೂರಿಸೋಣ ಅಂದರು. ಅದನ್ನೂ ಮಾಡಿದೆವು. ಬೆಂಚಿನಲ್ಲಿ ಕೂತು ಇನ್ನಷ್ಟು ಕುದಿದ. ಉಳಿದ ಮಕ್ಕಳು ಅವನ ಪಕ್ಕ ಕೂರುವುದನ್ನೇ ಬಿಟ್ಟರು.

ದಾರಿ ಸಿಕ್ಕಿದ್ದು ಫೋನಿನ ಸ್ಟಾಪ್‌ವಾಚ್‌ನಿಂದ. ಒಂದು ಪಿಚ್‌ನಿಂದ ಇನ್ನೊಂದಕ್ಕೆ ಅವನು ತೆಗೆದುಕೊಳ್ಳುವ ಸಮಯವನ್ನು ಗೀಚಿಡುತ್ತಾ ಬಂದೆ. ಮಾಮೂಲಿಗೆ 14-15 ಸೆಕೆಂಡ್. ವಾಕ್ ಕೊಟ್ಟ ಮೇಲೂ (ನಾಲ್ಕು ಚೆಂಡು ಗುರಿ ತಪ್ಪಿ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಕ್ಕ ಮೇಲೂ) ಹೆಚ್ಚುಕಡಿಮೆ ಅಷ್ಟೇ. ಅವನ ಹಿಂದೆ ನಿಂತ ಫೀಲ್ಡರ್ ಯಾರಾದರೂ ಎರರ್ ಮಾಡಿದರೆ, ಅಂದರೆ ಸುಲಭದ ಚೆಂಡು ಬಿಟ್ಟರೆ ಮಾತ್ರ ಅದು 6-7 ಸೆಕೆಂಡಿಗೆ ಇಳಿಯುತ್ತಿತ್ತು. ಚೆಂಡು ಕಿತ್ತುಕೊಂಡು ಎಸೆದೇ ಬಿಡುತ್ತಿದ್ದ. ಮುಂದಿನ ಕಾಲು ಊರುವಷ್ಟರಲ್ಲಿ ಕೈ ಹಿಂದೆಯೇ ಉಳಿದು ಚೆಂಡು ಎತ್ತರಕ್ಕೆ ಹಾರುತ್ತಿತ್ತು. ಅಲ್ಲಿಂದ ಸಾಲು ಸಾಲು ವಾಕ್.

ಚೆಂಡು ಕೈಯಲ್ಲಿ ಇಲ್ಲದಿದ್ದರೆ ಎಸೆಯಲು ಆಗುವುದಿಲ್ಲ. ಇಷ್ಟೇ ನನ್ನ ಉಪಾಯ. ಎರರ್ ಆದಮೇಲೆ ಯಾರೂ ಅವನಿಗೆ ಚೆಂಡು ಎಸೆಯಬಾರದು. ಬೇಸ್‌ಗಳ ಹತ್ತಿರದ ಇನ್‌ಫೀಲ್ಡ್‌ನವನಾದರೆ ಬಿಟ್ಟವನೇ ಚೆಂಡು ಹಿಡಿದು ಪಿಚರ್ ನಿಲ್ಲುವ ದಿಬ್ಬದ (ಮೌಂಡ್)ವರೆಗೆ ನಡೆದುಕೊಂಡು ಹೋಗಿ ಕೈಗೆ ಕೊಡಬೇಕು. ಓಟಗಾರರ ಮೇಲೆ ಕಣ್ಣಿಟ್ಟೇ ನಡೆಯಬೇಕು. ದೂರದ ಔಟ್‌ಫೀಲ್ಡ್‌ನವನಾದರೆ ಶಾರ್ಟ್‌ಸ್ಟಾಪ್ (ಎರಡು ಮತ್ತು ಮೂರನೇ ಬೇಸ್ ನಡುವೆ ನಿಲ್ಲುವವನು) ತರಬೇಕು. ನಾನು ಡಗ್‌ಔಟ್ ಬಿಟ್ಟು ಕದಲುವುದಿಲ್ಲ.

ಎಲ್ಲರೂ ಬೇಡ ಅಂದರು. ಬೆಂಕಿಗೆ ತುಪ್ಪ ಸುರಿದ ಹಾಗೆ ಆಗುತ್ತೆ, ಎರರ್ ಮಾಡಿದ ಪುಟ್ಟ ಮಗುವನ್ನು ತಿಂದುಬಿಡ್ತಾನೆ ಅಂತ ಒಬ್ಬ ತಾಯಿ ನನ್ನ ಜೊತೆ ಜಗಳಕ್ಕೇ ಬಂದರು. ಮೊದಲ ಸಲ ಚೆಂಡನ್ನು ಕಿತ್ತುಕೊಂಡದ್ದು ನಿಜ. ಆಮೇಲೆ ದುರುಗುಟ್ಟಿ ನೋಡುತ್ತಿದ್ದ. ಸೆಕೆಂಡ್ ಬೇಸ್‌ನ ಹುಡುಗ ಟೀಮಿನಲ್ಲೇ ಚಿಕ್ಕವನು, ಜಾಸ್ತಿ ಎರರ್ ಮಾಡುವವನು. ಹೆದರಿಕೊಂಡೇ ಹೋಗುತ್ತಿದ್ದ, ಆದರೂ ಹೋಗುತ್ತಿದ್ದ. ಒಂದು ದಿನ ನಮ್ಮ ಎಡಗೈ ಅವನಿಗೆ "ಸೀಮ್ ಅಡ್ಡ ಇಟ್ಟು ಕೊಡು" ಅಂದ. ಅವತ್ತಿನಿಂದ ಆ ಪುಟ್ಟ ಹುಡುಗ ಬರುವ ದಾರಿಯಲ್ಲೇ ಚೆಂಡನ್ನು ಪ್ಯಾಂಟಿಗೆ ಒರೆಸಿ, ಕುದುರೆ ಲಾಳದಂಥ ಹೊಲಿಗೆ ಬೆರಳಿಗೆ ಅಡ್ಡ ಬರುವಂತೆ ತಿರುಗಿಸಿ, ಗ್ಲೌಸಿನೊಳಗೆ ಇಡುತ್ತಿದ್ದ. ಇವನು ಬೆರಳು ಮಡಿಚಿದರೆ ಸಾಕು, ಫೋರ್ ಸೀಮ್, ಅಂದರೆ ನೇರ ವೇಗದ ಚೆಂಡಿನ ಹಿಡಿತ, ಸಿದ್ಧ. ಅಷ್ಟು ಹೊತ್ತಿಗೆ 20 ಸೆಕೆಂಡ್ ಕಳೆದಿರುತ್ತಿತ್ತು.

ಅಂಪೈರ್ ತೀರ್ಪಿಗೆ ಬರುವ ಸಿಟ್ಟಿಗೆ ಇದು ಸಾಲದು. ಅದಕ್ಕೆ ಕ್ಯಾಚರ್ ಕೈಯಲ್ಲಿ ಒಂದು ಕೆಲಸ ಇಟ್ಟಿದ್ದೇನೆ, ಅವನು ಹೇಳುವ ಎರಡು ಪದವೂ ಇದೆ. ಮುಂದಿನ ಸೀಸನ್‌ನಲ್ಲಿ ನಿಮ್ಮ ಟೀಮಿನ ಎದುರೇ ಆಡಬೇಕು, ಹಾಗಾಗಿ ಅದು ನನ್ನಲ್ಲೇ ಇರಲಿ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. 300 ಡಾಲರಿಗೂ ಜಾಸ್ತಿ ಕೊಟ್ಟು ಪಾಕೆಟ್ ರಾಡಾರ್ ತಂದೆ. ಸಿಟ್ಟಿನಲ್ಲಿ ಎಸೆದ ಚೆಂಡು ವೇಗವಾಗಿ ಬರುತ್ತೆ ಅಂತ ಅವನೇ ಹೇಳುತ್ತಿದ್ದ. ಅಳೆದರೆ ಒಂದೆರಡು ಮೈಲಿ ಕಡಿಮೆಯೇ ಇತ್ತು. ಅಂಕಿ ತೋರಿಸಿದ ಮೇಲೆ ಆ ಮಾತು ನಿಂತಿತು. ಪ್ರಾಕ್ಟೀಸ್‌ನಲ್ಲಿ ಅವನನ್ನೇ ಸೆಕೆಂಡ್ ಬೇಸ್‌ಗೆ ನಿಲ್ಲಿಸಿ ನೂರಾರು ಗ್ರೌಂಡರ್ ಹೊಡೆದೆ. ತಾನೂ ಎಷ್ಟು ಬಿಡುತ್ತೇನೆ ಅಂತ ತಾನೇ ಕಂಡ. ರಾಡಾರ್‌ಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂತು, ಒಂದು ಪೈಸೆ ಖರ್ಚಿಲ್ಲ.

ಅವನಿಗೆ ಲೆಫ್ಟಿ ಗ್ರೋವ್ ಕಥೆಯನ್ನೂ ಹೇಳಿದೆ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನ ಎಡಗೈ ಪಿಚರ್. 1931ರಲ್ಲಿ ಸತತ 16 ಆಟ ಗೆದ್ದು, ಸೇಂಟ್ ಲೂಯಿಸ್ ಬ್ರೌನ್ಸ್‌ಗೆ 1-0 ಸೋತ. ಟೀಮಿನ ಖಾಯಂ ಫೀಲ್ಡರ್ ಆಲ್ ಸಿಮನ್ಸ್ ಅವತ್ತು ಇರಲಿಲ್ಲ, ಬದಲಿಗೆ ಬಂದ ಫೀಲ್ಡರ್ ಒಂದು ಚೆಂಡನ್ನು ತಪ್ಪಾಗಿ ಅಂದಾಜು ಮಾಡಿದ್ದ. ಗ್ರೋವ್ ಕೋಣೆಯನ್ನೇ ಪುಡಿ ಮಾಡಿದ. ಆ ವರ್ಷ ಅವನ ದಾಖಲೆ 31 ಗೆಲುವು, 4 ಸೋಲು! ಯಾಂಕೀಸ್‌ನ ಕೆವಿನ್ ಬ್ರೌನ್ 2004ರಲ್ಲಿ ಗೋಡೆಗೆ ಗುದ್ದಿ ಎಡಗೈ ಮುರಿದುಕೊಂಡದ್ದನ್ನೂ ಹೇಳಿದೆ. ಹುಡುಗ ಕೇಳಿದ್ದು ಒಂದೇ: "ಆ ಫೀಲ್ಡರ್ ಗ್ರೋವ್‌ಗೆ ಸಾರಿ ಹೇಳಿದ್ನಾ?" ಎರರ್ ಅವನಿಗೆ ಎಷ್ಟು ಚುಚ್ಚುತ್ತೆ ಅಂತ ನನಗೆ ಪೂರ್ತಿ ತಿಳಿದದ್ದು ಆಗ.

ಫಲ ಹೇಳುತ್ತೇನೆ, ನೆನಪಿನಿಂದ. ಶುರುವಿನಲ್ಲಿ ಆಟಕ್ಕೆ ಆರೇಳು ವಾಕ್ ಇತ್ತು, ಕೊನೆಗೆ ಎರಡರ ಆಸುಪಾಸು. ಮೊದಲು ಮೂರನೇ ಇನಿಂಗ್ಸ್ ಹೊತ್ತಿಗೆ 70 ಪಿಚ್ ಆಗಿಬಿಡುತ್ತಿತ್ತು. ದಿನಕ್ಕೆ ಮಿತಿ 85, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ, ವಾರದ ಇನ್ನೊಂದು ಆಟ ಕೈ ತಪ್ಪಿತು ಅಂತಲೇ ಅರ್ಥ. ಆಮೇಲೆ ಅಷ್ಟೇ ಪಿಚ್‌ನಲ್ಲಿ ಐದು ಇನಿಂಗ್ಸ್ ದಾಟಿಸಿದ. ಕೊನೆಯ ಎಂಟೊಂಬತ್ತು ಆಟದಲ್ಲಿ ಎರಡೇ ಸೋಲು. "ಆ ಹುಡುಗ ಬೇಡ" ಅಂದ ಕೋಚ್ ಒಬ್ಬರು ಬಂದು ಏನು ಮಾಡಿದಿರಿ ಅಂತ ಕೇಳಿದರು. ನನಗೆ ತುಂಬಾ ಹೆಮ್ಮೆಯಾಯಿತು.

ಈಗ ಅವನು 50/70 ಮೈದಾನಕ್ಕೆ (ಪಿಚಿಂಗ್ ದೂರ 50 ಅಡಿ, ಬೇಸ್‌ಗಳ ನಡುವೆ 70 ಅಡಿ) ಏರುತ್ತಿದ್ದಾನೆ. ಅಲ್ಲಿ ಲೀಡ್ ಇದೆ (ಪಿಚ್‌ಗೆ ಮುಂಚೆಯೇ ಓಟಗಾರ ಬೇಸ್ ಬಿಟ್ಟು ಮುಂದೆ ನಿಲ್ಲಬಹುದು), ಬಾಕ್ ಇದೆ (ಪಿಚರ್ ತಪ್ಪು ಚಲನೆ ಮಾಡಿದರೆ ಓಟಗಾರರಿಗೆ ಒಂದು ಬೇಸ್ ಪುಕ್ಕಟೆ). ಓಟಗಾರ ಬೇಸ್ ಮೇಲಿರುವಾಗ ಚೆಂಡಿಲ್ಲದೆ ಮೌಂಡ್ ಮೇಲಿನ ರಬ್ಬರ್ ಪಟ್ಟಿಯ ಮೇಲೆ ಪಿಚರ್ ನಿಂತರೆ ಬಾಕ್ ಕೊಡುತ್ತಾರೆ. ಹಾಗಾಗಿ ಚೆಂಡಿಗೆ ಕಾಯುವಾಗ ಮೌಂಡ್ ಇಳಿದು ಹಿಂದಿನ ಹುಲ್ಲಿನ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿಸುತ್ತಿದ್ದೇನೆ. ಸೆಕೆಂಡ್ ಬೇಸ್‌ನ ಹುಡುಗನೂ ಅದೇ ಟೀಮಿಗೆ ಬರುತ್ತಿದ್ದಾನೆ. ನಮ್ಮ ಎಡಗೈಯೇ ಅವನನ್ನು ಕೇಳಿ ಹಾಕಿಸಿಕೊಂಡಿದ್ದಾನೆ.