ವೈಫೈ, ಜಿಗ್‌ಬೀ ಜಗಳವನ್ನು ಸಿಮ್ಯುಲೇಶನ್‌ನಲ್ಲಿ ಹಿಡಿದದ್ದು

ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಕಣ ಮತ್ತು ಗೋಡೌನಿಗೆ ತೇವ, ಬಿಸಿ ಅಳೆಯುವ ಜಿಗ್‌ಬೀ ಸೆನ್ಸರ್‌ಗಳನ್ನು ಹಾಕಿಕೊಟ್ಟಿದ್ದೆ. ಜಿಗ್‌ಬೀ ಎಂದರೆ ಕಡಿಮೆ ಪವರ್‌ನಲ್ಲಿ ಪುಟ್ಟ ಪುಟ್ಟ ಮಾಹಿತಿ ಕಳಿಸುವ ವೈರ್‌ಲೆಸ್ ವ್ಯವಸ್ಥೆ. "ಸರ್, ಹೋಂಸ್ಟೇಗೆ ಜನ ಬಂದಾಗ ಮಾತ್ರ ರೀಡಿಂಗ್ ಬರಲ್ಲ ನೋಡಿ," ಎಂದರು ತೋಟದ ರೈಟರು. ಹೋಂಸ್ಟೇಯ ವೈಫೈ ರೂಟರ್ 6ನೇ ಚಾನೆಲ್‌ನಲ್ಲಿತ್ತು, ಅಂದರೆ 2437 ಮೆಗಾಹರ್ಟ್ಸ್ ಸುತ್ತ. ಸೆನ್ಸರ್‌ಗಳು ಜಿಗ್‌ಬೀಯ 18ನೇ ಚಾನೆಲ್‌ನಲ್ಲಿ, 2440 ಮೆಗಾಹರ್ಟ್ಸ್. ಒಂದರ ಮೇಲೆ ಒಂದು ಕೂತಿದ್ದವು.

ಚಾನೆಲ್ ಬದಲಿಸಿದರೆ ಆಯ್ತು, ಅಲ್ವಾ? ಆಯ್ತು. ಆದರೆ ಕೊಯ್ಲಿನ ಸಮಯದಲ್ಲಿ ಪ್ರತಿ ಸೆನ್ಸರ್ ಬಿಚ್ಚಿ ಪ್ರಯೋಗ ಮಾಡುವುದು ನನಗೆ ಬೇಡವಾಗಿತ್ತು. ಮೊದಲು ಎನ್‌ಎಸ್-3 ಎಂಬ ನೆಟ್‌ವರ್ಕ್ ಸಿಮ್ಯುಲೇಶನ್ ಸಾಫ್ಟ್‌ವೇರ್‌ನಲ್ಲಿ ಕಟ್ಟಿ ನೋಡಿದೆ.

ಇಲ್ಲಿ ಒಂದು ವಿಷಯ ಗಮನಿಸಲೇಬೇಕು. ಎನ್‌ಎಸ್-3ರಲ್ಲಿ ವೈಫೈಗೆ ಯಾನ್ಸ್ ಎಂಬ ಸರಳ ಮಾಡೆಲ್ ಬಳಸಿದರೆ ಅದಕ್ಕೆ ಜಿಗ್‌ಬೀ ಸಿಗ್ನಲ್ ಕಾಣುವುದೇ ಇಲ್ಲ. ಎರಡೂ ಸುಮ್ನೆ ತಮ್ಮ ಪಾಡಿಗೆ ಓಡುತ್ತವೆ, ಫಲಿತಾಂಶ ಸುಳ್ಳೇ ಬಲು ಚೆಂದ ಬರುತ್ತದೆ. ಸ್ಪೆಕ್ಟ್ರಮ್ ವೈಫೈ ಮಾಡೆಲ್ ತೆಗೆದುಕೊಂಡು, ಎರಡನ್ನೂ ಒಂದೇ ಮಲ್ಟಿಮಾಡೆಲ್ ಸ್ಪೆಕ್ಟ್ರಮ್ ಚಾನೆಲ್‌ಗೆ, ಅಂದರೆ ಸಿಗ್ನಲ್‌ಗಳು ಹಾಯುವ ಒಂದೇ ಮಾಧ್ಯಮಕ್ಕೆ, ಸೇರಿಸಬೇಕು. ವೈಫೈ, ಜಿಗ್‌ಬೀ ಎರಡೂ ರೇಡಿಯೋ ಬ್ಯಾಂಡನ್ನು ಬೇರೆ ಬೇರೆ ಅಗಲದ ತುಂಡುಗಳಾಗಿ ನೋಡುತ್ತವೆ. ಒಂದರ ಪವರ್ ಇನ್ನೊಂದರ ತುಂಡಿನಲ್ಲಿ ಎಷ್ಟು ಬೀಳುತ್ತದೆ ಎಂಬ ಲೆಕ್ಕ ಈ ಚಾನೆಲ್ ಮಾಡಿಕೊಡುತ್ತದೆ.

ಆ ಲೆಕ್ಕ ನೋಡಿ. ವೈಫೈ 100 ಮಿಲಿವ್ಯಾಟ್ ಕಳಿಸಿದರೆ ಅದು 20 ಮೆಗಾಹರ್ಟ್ಸ್‌ಗೆ ಹರಡುತ್ತದೆ. ಜಿಗ್‌ಬೀಯ 2 ಮೆಗಾಹರ್ಟ್ಸ್‌ಗೆ ಬೀಳುವುದು ಸುಮಾರು 10 ಮಿಲಿವ್ಯಾಟ್. ಸೆನ್ಸರ್ ಕಳಿಸುವುದು ಬರೀ 1.

ಆದರೆ ಪವರ್‌ಗಿಂತ ಜಾಸ್ತಿ ತೊಂದರೆ ಸಮಯದ್ದು. ಬೇರೆ ತಂತ್ರಜ್ಞಾನದ ಸಿಗ್ನಲ್ ಮೈನಸ್ 62 ಡಿಬಿಎಂ (ಸಿಗ್ನಲ್ ಬಲದ ಅಳತೆ; ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ) ದಾಟಿದರೆ ಮಾತ್ರ ವೈಫೈ ತಾನು ತಡೆದು ನಿಲ್ಲುತ್ತದೆ. 20 ಮೀಟರ್ ದೂರದ ಸೆನ್ಸರ್ ಬಯಲಲ್ಲೇ ಮೈನಸ್ 66ಕ್ಕೆ ಇಳಿದಿರುತ್ತದೆ. ಹಾಗಾಗಿ ವೈಫೈ ನಿಲ್ಲುವುದಿಲ್ಲ. ಸೆನ್ಸರ್‌ಗಾದರೋ ವೈಫೈ ಚೆನ್ನಾಗಿ ಕೇಳುತ್ತದೆ, ಕಾಯುತ್ತದೆ. ಕೊನೆಗೆ ಜಾಗ ಖಾಲಿ ಎಂದು ತಿಳಿದು ಕಳಿಸಲು ತಿರುಗುವಷ್ಟರಲ್ಲಿ 192 ಮೈಕ್ರೋಸೆಕೆಂಡ್ ಹೋಗುತ್ತದೆ. ವಿಡಿಯೋ ಓಡುತ್ತಿರುವಾಗ ವೈಫೈ ಕಳಿಸುವ ಫ್ರೇಮ್‌ಗಳ (ಮಾಹಿತಿಯ ತುಣುಕುಗಳ) ನಡುವೆ ಅಷ್ಟು ಬಿಡುವೇ ಸಿಗದ ಸಂದರ್ಭ ಹೆಚ್ಚು. ಸಿಗ್ನಲ್‌ಗೂ ಅಡ್ಡಿಗೂ ಇರುವ ಸರಾಸರಿ ಅನುಪಾತ ಮಾತ್ರ ನೋಡಿ ತೀರ್ಮಾನ ಮಾಡುವವರಿಗೆ ಇದು ಕಾಣುವುದೇ ಇಲ್ಲ. ಅದಕ್ಕೇ ನಾನು ಒಂದೊಂದು ಪ್ಯಾಕೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಸಿಮ್ಯುಲೇಶನ್‌ಗೇ ಅಂಟಿಕೊಳ್ಳುತ್ತೇನೆ.

ಟ್ರಾಫಿಕ್ಕನ್ನು ನಾನು ಊಹಿಸಲಿಲ್ಲ. ಶನಿವಾರ ಸಂಜೆಯ ವೈಫೈ ಪ್ಯಾಕೆಟ್‌ಗಳನ್ನು ಹಿಡಿದಿಟ್ಟು, ಅವುಗಳ ಗಾತ್ರ, ಅಂತರವನ್ನೇ ಹಾಕಿದೆ. ಒಂದೇ ವೇಗದ ಟ್ರಾಫಿಕ್ ಕೊಟ್ಟರೆ ಬಿಡುವುಗಳು ಸಮವಾಗಿ ಹಂಚಿಹೋಗಿ ಸೆನ್ಸರ್ ಸುಳ್ಳೇ ಚೆನ್ನಾಗಿ ಕಾಣುತ್ತದೆ. ಕಾಫಿ ಗಿಡ, ಸಿಲ್ವರ್ ಮರಗಳ ನಡುವೆ ಸಿಗ್ನಲ್ ಎಷ್ಟು ಇಳಿಯುತ್ತದೆ ಎಂಬುದನ್ನೂ ಅಲ್ಲಲ್ಲಿ ನಿಂತು ಅಳೆದು ತುಂಬಿದೆ.

ಸಿಮ್ಯುಲೇಶನ್‌ನಲ್ಲಿ ಸೆನ್ಸರ್‌ಗಳನ್ನು ಜಿಗ್‌ಬೀಯ 26ನೇ ಚಾನೆಲ್‌ಗೆ, ಅಂದರೆ 2480 ಮೆಗಾಹರ್ಟ್ಸ್‌ಗೆ ಒಯ್ದಾಗ ಪ್ಯಾಕೆಟ್ ನಷ್ಟ ಹೆಚ್ಚುಕಡಿಮೆ ಮಾಯವಾಯಿತು. ಆದರೆ ಎಷ್ಟೋ ಮಾಡ್ಯೂಲ್‌ಗಳು 26ರಲ್ಲಿ ಪವರ್ ಇಳಿಸಿಕೊಳ್ಳುತ್ತವೆ. ಆದ್ದರಿಂದ ಸೆನ್ಸರ್‌ಗಳಿಗೆ 25ನ್ನು ಆರಿಸಿ, ರೂಟರನ್ನು ವೈಫೈ 1ನೇ ಚಾನೆಲ್‌ಗೆ ಕಟ್ಟಿಹಾಕಿದೆ. ಚಾನೆಲ್ ತಾನೇ ಆರಿಸಿಕೊಳ್ಳಲೆಂದು ಬಿಟ್ಟರೆ ರೂಟರ್ 11ಕ್ಕೆ ಹೋಗಿ ಜಿಗ್‌ಬೀ 25ರ ಅಂಚಿಗೆ ಬಂದು ಕೂರಬಹುದು.

ತೋಟದಲ್ಲೂ ಈ ಜೋಡಿ ಸರಿಯಾಗಿ ನಡೆಯುತ್ತಿದೆ. ಈಗ ಇದೇ ಮಾಡೆಲ್‌ಗೆ ಅಡುಗೆಮನೆಯ ಮೈಕ್ರೋವೇವ್ ಓವನ್ ಸೇರಿಸುತ್ತಿದ್ದೇನೆ. ಅದಕ್ಕೆ ಎನ್‌ಎಸ್-3ರಲ್ಲಿ ಬರೀ ಸಿಗ್ನಲ್ ಹೊರಡಿಸುವ ವೇವ್‌ಫಾರ್ಮ್ ಜನರೇಟರ್ ಸಾಕು, ಹೊಸ ಪ್ರೋಟೋಕಾಲ್ ಬರೆಯಬೇಕಿಲ್ಲ.